ಬೇಂದ್ರೆಯವರ ಮನೆಯೊಳಗಿನ ಬದುಕಿನ ಮೇಲೆ ಪಿಎಚ್‌ಡಿ ಮಾಡಿದ ಅನುಭವ: ಮುಂದೆ ಮಾಡೋರಿಗೆ

ಹೋದ ತಿಂಗಳು ನನ್ನ ವೈವಾ (ಮೌಖಿಕ ಪರೀಕ್ಷೆ) ಮುಗೀತು, ತಿದ್ದುಪಡಿ ಕಾಪಿ ಕೊಟ್ಟಾಯ್ತು, ಪ್ರಾವಿಜನಲ್ ಸರ್ಟಿಫಿಕೇಟೂ ಕೈಗೆ ಬಂತು. ವಿಷಯ ದ.ರಾ. ಬೇಂದ್ರೆಯವರ ದಾಂಪತ್ಯದ ಕವಿತೆಗಳು, ಅಂದ್ರೆ ಸಖೀಗೀತ ಮತ್ತೆ ಅದರ ಆಸುಪಾಸಿನ ಪದ್ಯಗಳು, ಅವು ಹುಟ್ಟಿದ ಮನೆ. ಅವತ್ತಿಂದ ಒಬ್ಬರಾದ ಮೇಲೆ ಒಬ್ಬರು ಫೋನ್ ಮಾಡಿ ಎಲ್ಲಿಂದ ಶುರು ಮಾಡಿದ್ರಿ, ಕಾಗದಪತ್ರ ಎಲ್ಲಿ ಸಿಕ್ತು, ಮನೆಯವರ ಪರ್ಮಿಷನ್ ಬೇಕಾ, ಎಷ್ಟು ಖರ್ಚಾಯ್ತು ಅಂತ ಕೇಳ್ತಿದ್ದಾರೆ, ಅದಕ್ಕೇ ಎಲ್ಲಾ ಒಂದು ಕಡೆ ಬರೆದು ಹಾಕ್ತಿದ್ದೀನಿ. ಉದ್ದ ಇದೆ, ಸಮಾಧಾನವಾಗಿ ಓದಿ.

ಮೊದಲನೇ ಅಡ್ಡಿ ವಿಷಯದ ಹೆಸರಲ್ಲೇ ಬಂತು. ಸಿನಾಪ್ಸಿಸ್‌ನಲ್ಲಿ, ಅಂದ್ರೆ ಮೊದಲು ಕೊಡೋ ಸಂಶೋಧನೆಯ ರೂಪುರೇಷೆಯಲ್ಲಿ, ನಾನು "ಬೇಂದ್ರೆಯವರ ಖಾಸಗಿ ಬದುಕು ಮತ್ತು ಕಾವ್ಯ" ಅಂತ ಹಾಕಿದ್ದೆ. ಕಮಿಟಿಯಲ್ಲಿ ಒಬ್ಬರು ಬೇಂದ್ರೆ ಮೇಲೆ ಇನ್ನೇನು ಉಳಿದೈತ್ರಿ ಅಂದ್ರು, ಇನ್ನೊಬ್ಬರು ಮನಿ ವಿಷಯ ಯಾಕ ಕೆದಕ್ತೀರಿ, ತನ್ನ ಪಾಡು ತನಗಿರಲಿ, ಹಾಡು ಮಾತ್ರ ರಸಿಕನಿಗೆ ಕೊಡ್ತೀನಿ ಅಂತ ಅವರೇ ಬರೆದಾರಲ್ಲ ಅಂದ್ರು. ಆ ಮಾತಿಗೆ ತೂಕ ಇದೆ, ನಾನು ಅದನ್ನ ತಳ್ಳಿಹಾಕಲಿಲ್ಲ. ಆದ್ರೆ ಅದೇ ಕವಿ 1937ರಲ್ಲಿ ತನ್ನ ಸಂಸಾರದ ಕಹಿ-ಸಿಹಿ ಎರಡನ್ನೂ ಹೆಂಡತಿಯನ್ನೇ ಉದ್ದೇಶಿಸಿ ಸಖೀಗೀತ ಅನ್ನೋ ಒಂದಿಡೀ ಕಾವ್ಯವಾಗಿ ಹಾಡಿ ಅಚ್ಚು ಹಾಕಿಸಿದ್ರು, ಅಂದ್ರೆ ಆ ಮನೆಯ ಬಾಗಿಲನ್ನ ಒಂದಿಷ್ಟು ತೆರೆದದ್ದು ಅವರೇ. ಇದನ್ನೇ ಕಮಿಟಿಗೆ ಹೇಳಿದೆ. "ಖಾಸಗಿ ಬದುಕು" ಹೊಡೆದುಹಾಕಿ "ದಾಂಪತ್ಯ ಕಾವ್ಯ" ಅಂತ ಮಾಡಿ ಪಾಸ್ ಮಾಡಿದ್ರು. ನೀವೂ ಇಂಥ ವಿಷಯ ತಗೊಳ್ಳೋರಿದ್ರೆ ಶೀರ್ಷಿಕೆಯನ್ನ ಪಠ್ಯಕ್ಕೆ ಕಟ್ಟಿಹಾಕಿ, ಕವಿ ಏನನ್ನ ತಾನಾಗೇ ಹೇಳಿದ್ದಾನೋ ಅಲ್ಲಿಂದ ಶುರು ಮಾಡಿ, ಆಗ ಯಾರೂ ತಡೆಯೋಕಾಗಲ್ಲ.

ರಿಜಿಸ್ಟ್ರೇಷನ್, ಕೋರ್ಸ್‌ವರ್ಕ್ ಇದೆಲ್ಲಾ ಎಲ್ಲರಿಗೂ ಗೊತ್ತಿರೋದೇ, ಬಿಡ್ತೀನಿ.

ನಿಜವಾದ ಕೆಲಸ ಶುರುವಾಗೋದು ಧಾರವಾಡದಲ್ಲಿ. ಸಾಧನಕೇರಿಗೆ ಹೋದ್ರೆ ಬೇಂದ್ರೆ ಭವನ ಇದೆ, ಅವರು ಬಾಳಿದ ಮನೆ ಶ್ರೀಮಾತಾ ಅಲ್ಲೇ ಇದೆ, ಎದುರಿಗೆ ಕೆರೆ. ಊರಲ್ಲಿ ಐವತ್ತು ದಾಟಿದ ಯಾರನ್ನೇ ಕೇಳಿ, ಒಂದು ಬೇಂದ್ರೆ ಕಥೆ ಇದ್ದೇ ಇರುತ್ತೆ. ಅವರ ಕೊಡೆ, ಕೋಟು, ಟೊಪ್ಪಿಗೆ, ಭಾಷಣದ ಮಧ್ಯೆ ಸಿಡಿದದ್ದು, ಕೊನೆಗಾಲದಲ್ಲಿ ಸಂಖ್ಯೆಗಳ ಹಿಂದೆ ಬಿದ್ದು 441 ಅಂತ ಗಂಟೆಗಟ್ಲೆ ವಿವರಿಸಿದ್ದು. ಒಂದು ಡೈರಿ ತುಂಬಾ ಬರ್ಕೊಂಡೆ. ರಾತ್ರಿ ರೂಮಿಗೆ ಬಂದು ಓದಿ ನೋಡಿದ್ರೆ ಒಂದು ಕಥೆಯೂ ಹೊಸ್ತಿಲು ದಾಟಿ ಒಳಗೆ ಹೋಗಿರಲಿಲ್ಲ. ಎಲ್ಲಾ ಬೀದೀದು, ಸಭೇದು, ಕಾಲೇಜಿಂದು. ಸಿಟ್ಟು, ಹಟ, ಥಟ್ಟನೆ ಕರಗೋ ಮನಸ್ಸು ಎಲ್ಲಾ ಅದರಲ್ಲಿತ್ತು, ಆದ್ರೆ ಅದನ್ನ ದಿನಾ ನೋಡಿದ ಅವರ ಹೆಂಡತಿ ಲಕ್ಷ್ಮೀಬಾಯಿಯವರು ಮಾತ್ರ ಒಂದು ಕಥೆಯಲ್ಲೂ ಇರಲಿಲ್ಲ. ಅವತ್ತೇ ನನಗೆ ಈ ಪ್ರಬಂಧ ಯಾರ ಬಗ್ಗೆ ಬರೀಬೇಕು ಅಂತ ಖಾತ್ರಿ ಆಯ್ತು.

ಇನ್ನೊಂದು, ಒಂದೇ ಕಥೆ ಹತ್ತು ಬಾಯಲ್ಲಿ ಹತ್ತು ಥರ ಬರುತ್ತೆ. "ನೀ ಹೀಂಗ ನೋಡಬ್ಯಾಡ ನನ್ನ" ಪದ್ಯ ಕೂಸು ಸತ್ತ ದುಃಖದಲ್ಲಿ ಹುಟ್ಟಿದ್ದು ಅಂತ ಎಲ್ಲರೂ ಹೇಳ್ತಾರೆ, ಆದ್ರೆ ಯಾವ ಕೂಸು, ಎಲ್ಲಿ, ಕವಿ ಆಗ ಮನೆಯಲ್ಲಿದ್ರಾ, ಊರಿಂದ ಬಂದ್ರಾ ಅಂತ ಕೇಳ್ತಾ ಹೋದ್ರೆ ವೇದಿಕೆಗೊಂದು ಉತ್ತರ. ನಾನು ಮಾಡಿದ್ದು ಏನಂದ್ರೆ ಒಂದು ದೊಡ್ಡ ಹಾಳೆಯಲ್ಲಿ ವರ್ಷಗಳ ಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. 1896 ಹುಟ್ಟು, 1919 ಮದುವೆ, 1932 ಗರಿ ಸಂಕಲನ, ಅದೇ ಹೊತ್ತಿಗೆ ನರಬಲಿ ಕವಿತೆಗಾಗಿ ಹಿಂಡಲಗಾ ಜೈಲು, ಆಮೇಲೆ ಮುಗದದಲ್ಲಿ ನಜರಬಂದಿ, 1937 ಸಖೀಗೀತ, 1938 ನಾದಲೀಲೆ, 1944ರಿಂದ 1956 ಸೊಲ್ಲಾಪುರದ ಕಾಲೇಜು, 1973 ಜ್ಞಾನಪೀಠ, 1981 ಮುಂಬೈಯಲ್ಲಿ ಸಾವು. ಯಾರು ಏನೇ ಹೇಳಿದ್ರೂ ಈ ಹಾಳೆ ಪಕ್ಕ ಇಟ್ಟು ನೋಡ್ತಿದ್ದೆ. ಹಾಗೆ ನೋಡಿದಾಗಲೇ ಕಣ್ಣಿಗೆ ಬಿದ್ದದ್ದು, ಸಖೀಗೀತ ಬಂದದ್ದು ಜೈಲಿಂದ ಬಂದ ಮೇಲೆ, ಕಾಯಂ ನೌಕರಿ ಇಲ್ಲದ ವರ್ಷಗಳಲ್ಲಿ. ಕವಿಗೆ ನೌಕರಿ ಇರಲಿಲ್ಲ ಅನ್ನೋದು ಎಲ್ಲಾ ಪುಸ್ತಕದಲ್ಲೂ ಒಂದು ಸಾಲು, ಮನೆಯಲ್ಲಿ ಒಲೆ ಹಚ್ಚೋರಿಗೆ ಅದು ಒಂದು ಸಾಲಲ್ಲ.

ಸರ್ಕಾರಿ ಕಾಗದ ಹುಡುಕೋರಿಗೆ ಒಂದು ಮುಖ್ಯ ಮಾತು. ಧಾರವಾಡ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಹಾಗಾಗಿ 1930ರ ದಶಕದ ಪೊಲೀಸು, ಜೈಲು, ಗೃಹ ಇಲಾಖೆ ಕಡತಗಳಿಗೆ ಬೆಂಗಳೂರಿಗೆ ಓಡೋಕೆ ಹೋಗ್ಬೇಡಿ, ಅವು ಇದ್ರೆ ಮುಂಬೈ ಕಡೆ ಇರ್ತವೆ. ನಾನು ಗೈಡ್ ಪತ್ರ, ಐಡಿ, ಫೋಟೋ ಎಲ್ಲಾ ತಗೊಂಡು ಮುಂಬೈಗೆ ಹೋದೆ. ಬೆಳಿಗ್ಗೆ ಕ್ಯಾಟಲಾಗ್ ನೋಡಿ ಚೀಟಿ ಬರೆದು ಕೊಡೋದು, ಮಧ್ಯಾಹ್ನದವರೆಗೆ ಕಾಯೋದು, ಚೀಟಿ ವಾಪಸ್ ಬರೋದು. ಒಂದರ ಮೇಲೆ ಕಾಗದ ಪುಡಿಯಾಗ್ತಿದೆ ಕೊಡೋಕಾಗಲ್ಲ ಅಂತ, ಇನ್ನೊಂದರ ಮೇಲೆ ಜಾಗದಲ್ಲಿಲ್ಲ ಅಂತ. ಬಾಡಿಗೆ ರೂಮು, ಊಟ, ಲೋಕಲ್ ಟ್ರೇನು, ಇದಕ್ಕೇ ಇಪ್ಪತ್ತು ಸಾವಿರದ ಹತ್ತಿರ ಹೋಯ್ತು, ನನಗೆ ಬೇಕಿದ್ದ ಕಡತ ಕೊನೆಗೂ ಬರಲಿಲ್ಲ. ಸಂಜೆ ಸಮುದ್ರದ ಕಡೆ ಹೋಗಿ ಕೂತು ಅತ್ತುಬಿಟ್ಟೆ, ಫೆಲೋಶಿಪ್ ದುಡ್ಡು ಬೇರೆ ಆ ವರ್ಷ ತಡ ಆಗಿತ್ತು. ಹೋಗೋರು ಮೊದಲೇ ಇಮೇಲಲ್ಲಿ ಕಡತದ ನಂಬರ್ ಕಳಿಸಿ, ಅದು ಓದೋ ಸ್ಥಿತಿಯಲ್ಲಿದೆಯಾ ಅಂತ ಲಿಖಿತ ಉತ್ತರ ತರಿಸ್ಕೊಂಡು ಆಮೇಲೆ ಟಿಕೆಟ್ ಬುಕ್ ಮಾಡಿ. ಜೈಲಿನ ಭಾಗವನ್ನ ನಾನು ಅಚ್ಚಾದ ಪುಸ್ತಕಗಳಲ್ಲಿ ಏನಿದೆಯೋ ಅಷ್ಟಕ್ಕೇ ನಿಲ್ಲಿಸಿ ಮುಂದೆ ಹೋದೆ, ಅದರಿಂದ ಪ್ರಬಂಧಕ್ಕೆ ಏನೂ ಕಡಿಮೆ ಆಗಲಿಲ್ಲ.

ಭಾಷೆ ಇನ್ನೊಂದು ಅಡ್ಡಿ. ಬೇಂದ್ರೆ ಮನೆಮಾತು ಮರಾಠಿ, ಅವರು ಮರಾಠಿಯಲ್ಲೂ ಬರೆದವರು. ಕನ್ನಡದ ಇಷ್ಟು ದೊಡ್ಡ ಕವಿ ಹೆಂಡತಿ ಮಕ್ಕಳ ಜೊತೆ ಮನೆಯಲ್ಲಿ ಆಡ್ತಿದ್ದ ಭಾಷೆ ಬೇರೆ, ಆದ್ರೆ ಅವಳಿಗೆ ಬರೆದ ಹಾಡು ಕನ್ನಡದ್ದು, ಅದೂ ಧಾರವಾಡದ ಓಣಿ ಕನ್ನಡದ್ದು. ಇದರ ಮೇಲೆ ನಾನು ಒಂದು ಪೂರ್ತಿ ಅಧ್ಯಾಯ ಬರೆದೆ. ಅದಕ್ಕಾಗಿ ಮರಾಠಿ ಓದೋಕೆ ಕಲಿತೆ, ಅಕ್ಷರ ದೇವನಾಗರಿ ಆದ್ದರಿಂದ ಕೆಲವು ತಿಂಗಳಲ್ಲಿ ಬಂತು. ಆದ್ರೆ ಆ ಕಾಲದ ಮನೆತನದ ಕಾಗದಗಳು ಎಷ್ಟೋ ಮೋಡಿ ಲಿಪಿಯಲ್ಲಿ, ಅಂದ್ರೆ ಮರಾಠಿಯ ಹಳೇ ಕೂಡುಬರಹದಲ್ಲಿ ಇರ್ತವೆ, ಅದು ಬರೀ ಮರಾಠಿ ಬಂದ್ರೆ ಓದೋಕಾಗಲ್ಲ. ಪರಿಚಯದ ಒಬ್ಬರು ತಮ್ಮ ಮುತ್ತಜ್ಜನ ಕಾಲದ ಒಂದು ಕಟ್ಟು ಕೊಟ್ರು, ಬೇಂದ್ರೆಗೂ ಅದಕ್ಕೂ ಸಂಬಂಧ ಇಲ್ಲ, ಅದೇ ಕಾಲದ ಧಾರವಾಡದ ಒಂದು ಮನೆ ಲೆಕ್ಕ ಅಷ್ಟೇ. ಮೋಡಿ ಓದೋರೊಬ್ಬರನ್ನ ಹಿಡಿದು ಪುಟಕ್ಕೆ ಇನ್ನೂರು ರೂಪಾಯಿ ಕೊಟ್ಟು ಓದಿಸಿದೆ. ಜೋಳ, ಎಣ್ಣೆ, ಸೂಲಗಿತ್ತಿಗೆ ಇಷ್ಟು. ಎಂಟು ದಿನ ಬಿಟ್ಟು ಇನ್ನೊಂದು ಸಾಲು, ಕೂಸಿನ ಮಣ್ಣಿನ ಖರ್ಚು ಇಷ್ಟು. ಅದರ ಕೆಳಗೆ ಮತ್ತೆ ಜೋಳ, ಎಣ್ಣೆ. ಕೂಸಿನ ಹೆಸರಿಲ್ಲ, ತಾಯಿ ಹೆಸರಿಲ್ಲ. ಓದಿ ಹೇಳ್ತಿದ್ದವರು ಸುಮ್ಮನಾದ್ರು, ನಾನೂ ಸುಮ್ಮನಾದೆ.

ಆ ಪುಟ ನನಗೆ ಬಹಳ ಕಲಿಸ್ತು. ಆಗಿನ ಕಾಲದಲ್ಲಿ ಹುಟ್ಟಿದ ಐದಾರು ಕೂಸುಗಳಲ್ಲಿ ಒಂದು ವರ್ಷ ತುಂಬೋ ಮೊದಲೇ ಹೋಗ್ತಿತ್ತು. ಬೇಂದ್ರೆ ದಂಪತಿ ಒಂದಲ್ಲ, ಹಲವು ಮಕ್ಕಳನ್ನ ಕಳ್ಕೊಂಡವರು. ಇದನ್ನ ನಾವು ಕವಿಯ ದುಃಖ ಅಂತ ಓದ್ತೀವಿ, ಪಾಠ ಮಾಡ್ತೀವಿ. ಹೆತ್ತವಳು, ಹಾಲೂಡಿಸಿದವಳು, ಮತ್ತೆ ಬಸುರಾದವಳು ಅವಳು. ದಾಖಲೆ ಹುಡುಕೋಕೆ ಹೋದ್ರೆ ಅವಳದ್ದು ಏನೂ ಸಿಗಲ್ಲ. ಈಗಿನ ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ, ಅದಕ್ಕೂ ಹಿಂದಿನ ರಿಜಿಸ್ಟರು ಇದ್ದರೂ ಕೂಸುಗಳಿಗೆ ಹೆಸರಿಟ್ಟು ಬರೆದಿರೋದು ಅಪರೂಪ. ಮದುವೆಯಾದ ಹುಡುಗಿ ಹೆಸರನ್ನೇ ಬದಲಿಸೋ ರೂಢಿ ಬೇರೆ, ತವರಿನ ಹೆಸರಲ್ಲಿ ಹುಡುಕ್ಬೇಕಾ ಗಂಡನ ಮನೆ ಹೆಸರಲ್ಲಾ ಅಂತಲೇ ಗೊತ್ತಾಗಲ್ಲ. ಕವಿಯ ತಾಯಿ ಅಂಬಿಕೆ, ಅವರ ಹೆಸರು ಅಂಬಿಕಾತನಯದತ್ತ ಅನ್ನೋ ಅಂಕಿತದಲ್ಲೇ ಸೇರ್ಕೊಂಡು ಉಳೀತು. ಹೆಂಡತಿ ಉಳಿದದ್ದು ಸಖಿ ಅಂತ.

ಇಲ್ಲಿ ನನಗೆ ದಾರಿ ತೋರಿಸಿದ್ದು ಯಾವ ಆರ್ಕೈವೂ ಅಲ್ಲ, ಧಾರವಾಡದ ಒಬ್ಬ ಅಜ್ಜಿ, ತೊಂಬತ್ತರ ಹತ್ತಿರ ವಯಸ್ಸು. ಅವರು ಬೇಂದ್ರೆ ಮನೆಯವರಲ್ಲ, ಹೆಸರು ಹಾಕಬ್ಯಾಡ ಅಂದಿದ್ದಾರೆ. ನಾನು ಕವಿತೆ ಬಗ್ಗೆ ಕೇಳಿದ್ರೆ ಅವರು ತಮ್ಮ ತಾಯಿ ಬಗ್ಗೆ ಹೇಳಿದ್ರು. "ಕೂಸು ಹ್ವಾದ ಮನ್ಯಾಗ ಜೋರಾಗಿ ಅಳಾಕ ಬಿಡತಿದ್ದಿಲ್ಲವಾ. ಹಿರೇರು ಇರತಿದ್ರು, ಉಳಿದ ಮಕ್ಕಳು ಅಂಜತಾವಂತ ಗದರತಿದ್ರು. ತೊಟ್ಟಿಲಾ ಬಿಚ್ಚಿ ಅಟ್ಟಕ್ಕ ಏರಸತಿದ್ರು, ಅಷ್ಟ. ನಮ್ಮವ್ವ ಅಪ್ಪನ ಮಾರಿ ಸುಮ್ಮ ನೋಡಕೋತ ಕುಂದರತಿದ್ಲು. ಅಪ್ಪ ತಡೀಲಾರದ ಹೊರಗ ಎದ್ದ ಹೋಗತಿದ್ದ." ಅಜ್ಜಿ ಇದನ್ನ ಹೇಳ್ತಾ ಅಕ್ಕಿ ಆರಿಸ್ತಿದ್ರು, ಕೈ ನಿಲ್ಲಲಿಲ್ಲ.

ನಾನು ಬಸ್ಸಲ್ಲಿ ಕೂತು "ನೀ ಹೀಂಗ ನೋಡಬ್ಯಾಡ ನನ್ನ" ಪದ್ಯವನ್ನ ಮತ್ತೆ ತೆಗೆದು ಓದಿದೆ. ಚಿಕ್ಕಂದಿನಿಂದ ಕ್ಯಾಸೆಟ್ಟಲ್ಲಿ ಕೇಳಿದ ಪದ್ಯ, ಪ್ರೇಮಗೀತೆ ಅಂದ್ಕೊಂಡು ಹಾಡೋರೂ ಇದ್ದಾರೆ. ಇಡೀ ಪದ್ಯದಲ್ಲಿ ಮಾತಾಡೋನು ಗಂಡ. ಅವಳು ಒಂದು ಮಾತೂ ಆಡಲ್ಲ, ಬರೀ ನೋಡ್ತಾಳೆ. ಆ ನೋಟ ತಡೆಯೋಕಾಗದೇ ಅವನು ಮಾತಾಡ್ತಾನೇ ಇರ್ತಾನೆ, ಹಗಲ ಮುಗಿಲಲ್ಲಿ ತೇಲೋ ಹುಣ್ಣಿಮೆ ಚಂದ್ರ ಅವನಿಗೆ ಹೆಣವಾಗಿ ಕಾಣುತ್ತೆ. ಬೇಂದ್ರೆ ಅವಳ ಬಾಯಲ್ಲಿ ಮಾತು ಇಟ್ಟು ಬರೀಬಹುದಿತ್ತು, ಹೆಣ್ಣಿನ ದನಿಯಲ್ಲಿ ಬರೆಯೋದು ಅವರಿಗೆ ಸಲೀಸು, "ನಾನು ಬಡವಿ ಆತ ಬಡವ" ಹಾಗೇ ಬರೆದದ್ದು. ಇಲ್ಲಿ ಬರೀಲಿಲ್ಲ. ಅವಳ ಮೌನವನ್ನ ಹಾಗೇ ಬಿಟ್ಟು, ಅದರ ಎದುರು ನಿಲ್ಲೋಕಾಗದ ತನ್ನನ್ನ ತೋರಿಸಿದ್ರು. ಯಾವ ಕೂಸು, ಯಾವ ವರ್ಷ ಅನ್ನೋ ಪ್ರಶ್ನೆ ನನಗೆ ಆಮೇಲೆ ಅಷ್ಟು ಮುಖ್ಯ ಅನ್ನಿಸಲಿಲ್ಲ. ಹೆಂಡತಿ ಬಗ್ಗೆ ನನಗೆ ಸಿಕ್ಕ ದಾಖಲೆ ಗಂಡ ಬರೆದದ್ದು, ಆದ್ರೆ ಅದರಲ್ಲಿ ಅವನು ತನ್ನ ಪರ ವಾದಿಸಿಲ್ಲ ಅನ್ನೋದನ್ನ ಗುರುತಿಸಿ ಬರೆದೆ. ನನ್ನ ಪ್ರಬಂಧ ನಿಂತಿರೋದು ಇದರ ಮೇಲೆ.

ಇದಕ್ಕೆ ಉಲ್ಟಾ ತೊಂದರೆಯೂ ಇದೆ. "ಹುಬ್ಬಳ್ಳಿಯಾಂವ" ಪದ್ಯದಲ್ಲಿ ಒಬ್ಬ ಹೆಣ್ಣು, ಬರ್ತೀನಿ ಅಂದು ಬಾರದ ಗಂಡಸಿಗಾಗಿ ಕಾಯ್ತಾಳೆ. ಒಂದು ಸೆಮಿನಾರಲ್ಲಿ ನಾನು ಪೇಪರ್ ಓದಿ ಇಳಿದ ಕೂಡಲೇ ಒಬ್ಬರು ಆಕಿ ಯಾರು, ಪತ್ತೆ ಹಚ್ಚಿದ್ರಾ ಅಂತ ಕೇಳಿದ್ರು. ಪದ್ಯದಲ್ಲಿ "ನಾನು" ಅಂದ್ರೆ ಕವಿಯೇ, "ಅವಳು" ಅಂದ್ರೆ ಪಕ್ಕದ ಓಣಿಯ ಯಾರೋ ಅಂತ ಹೊರಟ್ರೆ ಸಂಶೋಧನೆ ಚಾಡಿ ಆಗುತ್ತೆ. ಕವಿಗೆ ಸಿಟ್ಟು ಇತ್ತು, ಕಷ್ಟದ ಮನುಷ್ಯ ಅನ್ನೋದಕ್ಕೆ ಸಾಕ್ಷಿ ಇದ್ರೆ ಬರೀರಿ, ಮುಚ್ಚಿಡಬೇಡಿ, ಭಕ್ತಿಯಿಂದ ಬರೆದ ಜೀವನಚರಿತ್ರೆ ನಮ್ಮಲ್ಲಿ ಬೇಕಾದಷ್ಟಿವೆ. ಆದ್ರೆ ಪದ್ಯವನ್ನೇ ಸಾಕ್ಷಿ ಮಾಡಬೇಡಿ. ನಾನು ಪ್ರತಿ ಅಧ್ಯಾಯಕ್ಕೂ ಬೇರೆ ಬೇರೆ ಬಣ್ಣದ ಪೆನ್ನಲ್ಲಿ ಗುರುತು ಹಾಕಿದ್ದೆ, ಅಚ್ಚಾದ ದಾಖಲೆ ಯಾವುದು, ಬಾಯಿಮಾತು ಯಾವುದು, ಪದ್ಯದಿಂದ ನಾನು ಊಹಿಸಿದ್ದು ಯಾವುದು ಅಂತ. ವೈವಾದಲ್ಲಿ ಇದೇ ನನ್ನನ್ನ ಕಾಪಾಡಿದ್ದು.

ಸಂದರ್ಶನ ಮಾಡೋರು ಲಿಖಿತ ಒಪ್ಪಿಗೆ ತಗೊಳ್ಳಿ, ಎರಡು ಕಾಪಿ, ಒಂದು ಅವರಿಗೆ. ಒಬ್ಬ ಹಿರಿಯರು ಗಂಟೆಗಟ್ಲೆ ಮಾತಾಡಿ, ರೆಕಾರ್ಡೂ ಮಾಡಿಸಿ, ಕೆಲವು ತಿಂಗಳಾದ ಮೇಲೆ ಫೋನ್ ಮಾಡಿ ಬೇಡಮ್ಮಾ ತೆಗೆದುಬಿಡು ಅಂದ್ರು. ಬಹಳ ಒಳ್ಳೆ ಸಾಮಗ್ರಿ ಅದು, ಹೊಟ್ಟೆ ಉರೀತು. ತೆಗೆದೆ. ಅದರ ಮೇಲೆ ನಿಂತಿದ್ದ ಹದಿನೈದು ಪುಟ ಹೋಯ್ತು.

ಇನ್ನು ಕಾಪಿರೈಟ್, ಇದರ ಬಗ್ಗೆ ಎಲ್ಲರಿಗೂ ಗೊಂದಲ ಇದೆ. ಬೇಂದ್ರೆ ತೀರಿಕೊಂಡದ್ದು 26 ಅಕ್ಟೋಬರ್ 1981. ನಮ್ಮ 1957ರ ಕಾಯ್ದೆ ಪ್ರಕಾರ ಲೇಖಕ ಸತ್ತ ಮುಂದಿನ ವರ್ಷದಿಂದ ಎಣಿಸಿ 60 ವರ್ಷ ಹಕ್ಕು ಇರುತ್ತೆ, ಅಂದ್ರೆ ಅವರು ಬದುಕಿದ್ದಾಗ ಅಚ್ಚಾದ ಕೃತಿಗಳಿಗೆ 2041ರ ಕೊನೆವರೆಗೆ. ಸಂಶೋಧನೆ, ವಿಮರ್ಶೆಗೆ ಬೇಕಾದಷ್ಟು ಸಾಲು ಉಲ್ಲೇಖಿಸೋಕೆ 52ನೇ ಸೆಕ್ಷನ್ ಅವಕಾಶ ಕೊಡುತ್ತೆ, ಪ್ರತಿ ಸಾಲಿಗೂ ಪರ್ಮಿಷನ್ ಬೇಕು ಅಂತ ಹೆದರಬೇಡಿ. ಪೂರ್ತಿ ಪದ್ಯಗಳನ್ನ ಅನುಬಂಧದಲ್ಲಿ ಹಾಕೋದಾದ್ರೆ, ಪ್ರಬಂಧವನ್ನ ಪುಸ್ತಕ ಮಾಡೋದಾದ್ರೆ ಹಕ್ಕುದಾರರ ಪತ್ರ ತಗೊಳ್ಳಿ. ಪತ್ರಗಳ ವಿಷಯ ಇನ್ನೂ ಸೂಕ್ಷ್ಮ. ಕವಿ ನಿಮ್ಮ ತಾತನಿಗೆ ಬರೆದ ಪತ್ರ ನಿಮ್ಮ ಮನೆ ಟ್ರಂಕಲ್ಲಿ ಇರಬಹುದು, ಕಾಗದ ನಿಮ್ಮದು, ಆದ್ರೆ ಅದರೊಳಗಿನ ಬರಹದ ಹಕ್ಕು ಬರೆದವನ ವಾರಸುದಾರರದ್ದು. ಸತ್ತ ಮೇಲೆ ಮೊದಲ ಸಲ ಅಚ್ಚಾದ ಬರಹಕ್ಕೆ 60 ವರ್ಷ ಅಚ್ಚಾದ ಕಾಲದಿಂದ ಎಣಿಕೆ. ಪಠ್ಯಕ್ಕೆ ನಾನು ಮಗ ವಾಮನ ಬೇಂದ್ರೆಯವರು ಸಂಪಾದಿಸಿದ ಔದುಂಬರಗಾಥೆ ಸಂಪುಟಗಳನ್ನೇ ಇಟ್ಕೊಂಡೆ, ಮೊದಲ ಮುದ್ರಣ ಸಿಕ್ಕಲ್ಲಿ ಎರಡೂ ಹೋಲಿಸಿದೆ.

ಕೊನೇ ಗೋಳು ಟೈಪಿಂಗ್ ಮತ್ತು ಪ್ಲೇಜರಿಸಂ (ಕೃತಿಚೌರ್ಯ) ಚೆಕ್. ಡಿಟಿಪಿಯವರು ಇಡೀ ಪ್ರಬಂಧವನ್ನ "ನುಡಿ" ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಲ್ಲಿ ಹೊಡೆದುಕೊಟ್ರು, ಚೆಕ್ ಮಾಡೋ ಸಾಫ್ಟ್‌ವೇರಿಗೆ ಅದು ಬರೀ ಇಂಗ್ಲಿಷ್ ಅಕ್ಷರಗಳ ಕಸ. ಯೂನಿಕೋಡಿಗೆ ಕನ್ವರ್ಟ್ ಮಾಡಿದ್ರೆ ಅರ್ಕಾವತ್ತು, ಒತ್ತಕ್ಷರ ಎಲ್ಲಾ ಎಲ್ಲೆಲ್ಲೋ. ಬೇಂದ್ರೆ ಪದ್ಯದಲ್ಲಿ ಒಂದು ದೀರ್ಘ ಹೋದ್ರೆ ಲಯವೇ ಹೋಯ್ತು, ಎಲ್ಲಾ ಉಲ್ಲೇಖಗಳನ್ನೂ ನಾನೇ ಕೂತು ಸಾಲು ಸಾಲಾಗಿ ಮತ್ತೆ ಟೈಪ್ ಮಾಡಿದೆ. ಆಮೇಲೆ ಚೆಕ್ ಮಾಡಿಸಿದ್ರೆ ಪರ್ಸೆಂಟೇಜ್ ಮೇಲೆ ಹೋಯ್ತು, ಯಾಕಂದ್ರೆ ಕವಿತೆ ಸಾಲುಗಳೆಲ್ಲಾ ಇಂಟರ್ನೆಟ್ಟಲ್ಲಿ ಇವೆ. ಯುಜಿಸಿಯ 2018ರ ನಿಯಮದಲ್ಲಿ 10 ಪರ್ಸೆಂಟ್‌ವರೆಗೆ ತೊಂದರೆ ಇಲ್ಲ, ಸರಿಯಾಗಿ ಆಕರ ಕೊಟ್ಟ ಉಲ್ಲೇಖಗಳನ್ನ ಲೆಕ್ಕದಿಂದ ಬಿಡಬೇಕು ಅಂತಲೂ ಇದೆ. ಆ ನಿಯಮದ ಪ್ರಿಂಟ್ ತಗೊಂಡು ಹೋಗಿ ತೋರಿಸಿ ಉಲ್ಲೇಖ ಬಿಟ್ಟು ಮತ್ತೆ ಓಡಿಸಿ ಅಂತ ಕೇಳಿ, ಸುಮ್ಮನೆ ಹೆದರಿ ಪದ್ಯ ಕಿತ್ತುಹಾಕಬೇಡಿ. ಮೊದಲನೇ ದಿನದಿಂದ ಯೂನಿಕೋಡಲ್ಲೇ ಬರೆದ್ರೆ ಈ ಅರ್ಧ ಗೋಳು ಇರಲ್ಲ.

ಖರ್ಚು ಅಂತ ನೋಡಿದ್ರೆ ಯೂನಿವರ್ಸಿಟಿ ಫೀಸು ಬಿಟ್ಟು ಓಡಾಟ, ಜೆರಾಕ್ಸು, ಮೋಡಿ ಓದಿಸಿದ್ದು, ಡಿಟಿಪಿ, ಬೈಂಡಿಂಗ್ ಎಲ್ಲಾ ಸೇರಿ ಲಕ್ಷ ದಾಟಿತು. ಅದರಲ್ಲಿ ಮುಂಬೈ ಖರ್ಚು ಉಳಿಸಬಹುದಿತ್ತು, ಮೋಡಿಯವರಿಗೆ ಕೊಟ್ಟದ್ದು ಮಾತ್ರ ಇನ್ನೂ ಎರಡರಷ್ಟಾದ್ರೂ ಕೊಡ್ತಿದ್ದೆ.

ವೈವಾದಲ್ಲಿ ಹೊರಗಿನ ಪರೀಕ್ಷಕರು ಕೇಳಿದ ಮೊದಲ ಪ್ರಶ್ನೆ, ಇಷ್ಟೆಲ್ಲಾ ಮಾಡಿ ಲಕ್ಷ್ಮೀಬಾಯಿಯವರ ಒಂದು ಮಾತನ್ನಾದ್ರೂ ಅವರದೇ ದನಿಯಲ್ಲಿ ತಂದಿದ್ದೀರಾ ಅಂತ. ತಂದಿಲ್ಲ ಸರ್, ನನಗೆ ಸಿಕ್ಕಿಲ್ಲ, ಸಿಗದೇ ಇರೋದನ್ನ ಕಟ್ಟಿ ಬರೀಲೂ ಇಲ್ಲ, ಮೂರನೇ ಅಧ್ಯಾಯದಲ್ಲಿ ಅದನ್ನೇ ಹೇಳಿದ್ದೀನಿ ಅಂದೆ. ಅವರು ಆ ಅಧ್ಯಾಯ ತೆಗೆದು ಮತ್ತೆ ಒಂದೆರಡು ಪುಟ ಓದಿದ್ರು, ಆಮೇಲೆ ಬೇಂದ್ರೆ ಛಂದಸ್ಸಿನ ಮೇಲೆ ಕೇಳೋಕೆ ಶುರು ಮಾಡಿದ್ರು.

ಪ್ರಬಂಧ ಶೋಧಗಂಗಾದಲ್ಲಿ (ಪಿಎಚ್‌ಡಿ ಪ್ರಬಂಧಗಳನ್ನ ಹಾಕೋ ಆನ್‌ಲೈನ್ ಭಂಡಾರ) ಬರೋಕೆ ಇನ್ನೂ ಸ್ವಲ್ಪ ಟೈಮ್ ಆಗುತ್ತೆ ಅಂದಿದ್ದಾರೆ. ಅಜ್ಜಿ ಮಾತುಗಳನ್ನ ಹೆಸರಿಲ್ಲದೇ ಅನುಬಂಧದಲ್ಲಿ ಪೂರ್ತಿ ಹಾಕಿದ್ದೀನಿ, ಬಳಸೋರು ಆಕರ ಹೇಳಿ ಬಳಸಬಹುದು, ಅವರ ಒಪ್ಪಿಗೆ ಇದೆ. ಮೋಡಿ ಲೆಕ್ಕದ ಪುಟಗಳ ಫೋಟೋ ಬೇಕಾದೋರು ನನ್ನನ್ನ ಕೇಳಿ, ಮನೆಯವರು ಒಪ್ಪಿದಷ್ಟು ಪುಟ ಕಳಿಸ್ತೀನಿ.